ತರಗತಿಗೆ ಹೈಟಿ ಬಂದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಏಳನೇ ತರಗತಿಗೆ ಕೆರಿಬಿಯನ್ ದೇಶ ಹೈಟಿಯ ಬಗ್ಗೆ ಎರಡು ಪಿರಿಯಡ್ ತೆಗೆದುಕೊಳ್ಳಬೇಕು. ಇತಿಹಾಸದಿಂದ ಶುರು ಮಾಡಲೇ, ಧರ್ಮದಿಂದಲೇ?

ಉತ್ತರ: ಒಗಟಿನಿಂದ ಶುರು ಮಾಡಿ. ಅಲ್ಲಿ ಒಗಟು ಹೇಳುವವರು ‘ತಿಮ್ ತಿಮ್?’ ಎಂದು ಕೂಗುತ್ತಾರೆ. ಕೇಳುವವರು ‘ಬ್ವಾ ಸೆಶ್!’ ಅನ್ನಬೇಕು, ಅಂದರೆ ಒಣ ಕಟ್ಟಿಗೆ. ನಿಂತ ನೀರು ಯಾವುದು? ಕಬ್ಬು. ಮಲಗಿದ ನೀರು? ಕಲ್ಲಂಗಡಿ. ತೂಗಾಡುವ ನೀರು? ತೆಂಗಿನಕಾಯಿ. ಪ್ರತಿ ಒಗಟಿಗೂ ಒಂದು ನಿಮಿಷ ಬಿಡಿ, ಉತ್ತರ ಮಕ್ಕಳ ಬಾಯಿಂದಲೇ ಬರಲಿ.

ಕಬ್ಬು ಬಂತೆಂದರೆ ಇತಿಹಾಸದ ಬಾಗಿಲು ತೆರೆದ ಹಾಗೆಯೇ. ಫ್ರೆಂಚರ ಆಳ್ವಿಕೆಯಲ್ಲಿ ಸೆಂ ದೊಮಿಂಗ್ ಎನಿಸಿಕೊಂಡಿದ್ದ ಈ ವಸಾಹತಿನ ಕಬ್ಬಿನ ತೋಟಗಳಲ್ಲಿ ದುಡಿದವರು ಆಫ್ರಿಕಾದಿಂದ ಹಡಗಿನಲ್ಲಿ ತಂದ ಗುಲಾಮರು. 1791ರ ಆಗಸ್ಟ್‌ನಲ್ಲಿ ಅವರು ದಂಗೆಯೆದ್ದರು. 1804ರ ಜನವರಿ 1ರಂದು ಹೈಟಿ ಸ್ವತಂತ್ರವಾಯಿತು.

ಉಳಿದ ಹೊತ್ತಿಗೆ ಕಥೆ. ಹೇಳುವವರು ‘ಕ್ರಿಕ್?’ ಎಂದಾಗ ಕೇಳುವವರು ‘ಕ್ರಾಕ್!’ ಅನ್ನದ ಹೊರತು ಕಥೆ ಮುಂದೆ ಹೋಗಬಾರದು. ಪೆದ್ದ ಬೂಕಿ, ಚಾಲಾಕಿ ತಿ ಮಾಲಿಸ್ ಇವರ ಜೋಡಿ ಸಾಕು. ಯಾರೋ ‘ಆಯ್!’ ಅಂದದ್ದನ್ನು ತಿಂಡಿಯ ಹೆಸರೆಂದು ತಿಳಿದ ಬೂಕಿ ಅದನ್ನು ಹುಡುಕಿ ಹೊರಡುತ್ತಾನೆ. ಮಾಲಿಸ್ ಚೀಲದ ತಳಕ್ಕೆ ಪಾಪಾಸುಕಳ್ಳಿ ತುರುಕಿ, ಮೇಲೆ ಹಣ್ಣು ಜೋಡಿಸಿ ಕೊಡುತ್ತಾನೆ. ಮುಳ್ಳು ಚುಚ್ಚಿದಾಗ ಬೂಕಿ ಕೂಗುವ ಕೊನೆಯ ‘ಆಯ್!’ ಇಡೀ ತರಗತಿ ಒಟ್ಟಿಗೆ ಕೂಗಲಿ. ಬೂಕಿ ಎಂಬುದು ಪಶ್ಚಿಮ ಆಫ್ರಿಕಾದ ವೊಲೊಫ್ ಭಾಷೆಯಲ್ಲಿ ಕತ್ತೆಕಿರುಬದ ಹೆಸರು. ಇದನ್ನು ಕಥೆ ಮುಗಿದ ಮೇಲೆ ಹೇಳಿ. ಮೊದಲೇ ಹೇಳಿದರೆ ಮಕ್ಕಳು ಪ್ರಾಣಿಯ ಕಥೆಗೆ ಕಾಯುತ್ತಾರೆ.

ಪ್ರಶ್ನೆ: ಹೈಟಿಯ ವೊಡೂ ಎಂದರೆ ಮಾಟ ಎಂದು ಪೋಷಕರು ಆಕ್ಷೇಪಿಸಿದರೆ?

ಉತ್ತರ: ಅದು ಧರ್ಮ, 2003ರಲ್ಲಿ ಹೈಟಿ ಸರ್ಕಾರ ಅಧಿಕೃತವಾಗಿ ಮಾನ್ಯ ಮಾಡಿದ ಧರ್ಮ. ಬೊಂದ್ಯೆ ಒಬ್ಬನೇ ದೇವರು, ಆದರೆ ದೂರದವನು. ಜನರ ಕಷ್ಟಸುಖಕ್ಕೆ ಒದಗುವವು ‘ಲ್ವಾ’ ಎಂಬ ಶಕ್ತಿಗಳು. 1685ರ ಫ್ರೆಂಚ್ ಕಾನೂನು ಗುಲಾಮರಿಗೆಲ್ಲ ಕ್ಯಾಥೊಲಿಕ್ ದೀಕ್ಷೆ ಕಡ್ಡಾಯ ಮಾಡಿತು. ಅವರು ಸಂತರ ಪಟಗಳಲ್ಲಿ ತಮ್ಮ ಲ್ವಾಗಳನ್ನೇ ಕಂಡರು: ಕಾಲ ಬಳಿ ಹಾವುಗಳಿರುವ ಸಂತ ಪ್ಯಾಟ್ರಿಕ್ ಪಟ ಸರ್ಪರೂಪಿ ದಾಂಬಾಲಾನದ್ದಾಯಿತು. ಈ ಒಂದು ಪಟ ತೋರಿಸಿ, ಯಾಕೆ ಹೀಗಾಯಿತೆಂದು ಕೇಳಿ. ಹತ್ತು ಲ್ವಾಗಳ ಹೆಸರು ಬಾಯಿಪಾಠ ಮಾಡಿಸುವುದಕ್ಕಿಂತ ಇದೇ ಮೇಲು.

ತಪ್ಪಾಗುವುದು ಹೆಚ್ಚಾಗಿ ‘ವೆವೆ’ ಚಿತ್ರಗಳ ವಿಷಯದಲ್ಲಿ. ಪೂಜೆಯ ಹೊತ್ತಿಗೆ ಜೋಳದ ಹಿಟ್ಟನ್ನು ಬೆರಳ ಸಂದಿಯಿಂದ ಉದುರಿಸುತ್ತ ನೆಲದ ಮೇಲೆ ಬಿಡಿಸುವ ಗುರುತುಗಳವು. ಲ್ವಾವನ್ನು ಕರೆಯುವುದಕ್ಕೇ ಬಿಡಿಸುವುದು. ತರಗತಿಯ ನೆಲದಲ್ಲಿ ಮಾಡಿಸಿದರೆ ಆರಾಧನೆಯ ನಕಲು ಆಗುತ್ತದೆ, ನಂಬುವವರಿಗೂ ನೋವು, ಪೋಷಕರ ಆಕ್ಷೇಪಕ್ಕೂ ನಿಜವಾದ ಕಾರಣ. ಮುದ್ರಿತ ಚಿತ್ರ ಕೊಟ್ಟು, ಲೆಗ್ಬಾ ಎಂಬ ಲ್ವಾದ ಗುರುತಿನಲ್ಲಿ ಅಡ್ಡಹಾದಿ, ಊರುಗೋಲು ಎಲ್ಲಿವೆ ಎಂದು ಹುಡುಕಿಸಿ. ಅವನು ದಾರಿ ತೆರೆಯುವ ಮುದುಕ, ಎಲ್ಲರಿಗಿಂತ ಮೊದಲು ಕರೆಸಿಕೊಳ್ಳುವವನು.

ಪ್ರಶ್ನೆ: ಮಕ್ಕಳು ಜಾಂಬಿಯ ಬಗ್ಗೆಯೇ ಕೇಳುತ್ತಾರೆ!

ಉತ್ತರ: ಕೇಳಲಿ. ಸಿನಿಮಾದ ಜಾಂಬಿ ಮನುಷ್ಯರನ್ನು ತಿನ್ನುತ್ತದೆ. ಹೈಟಿಯ ‘ಜೊಂಬಿ’, ಅಂದರೆ ಮಾಟದಿಂದ ಎಬ್ಬಿಸಿದ ಹೆಣ, ಯಾರನ್ನೂ ತಿನ್ನುವುದಿಲ್ಲ, ಇನ್ನೊಬ್ಬರ ಹೊಲದಲ್ಲಿ ಮಾತಿಲ್ಲದೆ ದುಡಿಯುತ್ತದೆ. ಜನರ ಹೆದರಿಕೆ ಅದು ಬಂದೀತೆಂದಲ್ಲ, ಸತ್ತ ಮೇಲೂ ತಾವೇ ಹಾಗೆ ಗುಲಾಮರಾದೇವೆಂದು. ಇಷ್ಟು ಹೇಳಿ, ಮೊದಲ ದಿನದ ‘ನಿಂತ ನೀರು’ ಒಗಟನ್ನು ಮತ್ತೆ ಹಲಗೆಯ ಮೇಲೆ ಬರೆಯಿರಿ.