ದುಡ್ಡು ವಾಪಸ್ ಕೇಳುವ ಅತಿಥಿ, ನಿದ್ದೆ ಬಿಟ್ಟ ಹೋಂಸ್ಟೇ ಒಡತಿ

ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಅವರನ್ನು ಸುಮತಿ ಅನ್ನೋಣ. ವಯಸ್ಸು ನಲವತ್ತೇಳು. ಚಿಕ್ಕಮಗಳೂರು ಜಿಲ್ಲೆಯಲ್ಲಿ ಕಾಫಿ ತೋಟದ ನಡುವೆ ಹಳೇ ಮನೆ, ಅದರ ನಾಲ್ಕು ಕೋಣೆಗಳನ್ನು ಹೋಂಸ್ಟೇ ಮಾಡಿದ್ದಾರೆ. ಗಂಡ ತೋಟ ನೋಡಿಕೊಳ್ಳುತ್ತಾರೆ, ಮಗಳು ಮಂಗಳೂರಿನಲ್ಲಿ ಓದುತ್ತಿದ್ದಾಳೆ, ಅತ್ತೆ ಜೊತೆಗಿದ್ದಾರೆ.

ಅವರು ಆಪ್ತಸಲಹೆಗೆ ನನ್ನ ಹತ್ತಿರ ಬಂದದ್ದು ನಿದ್ದೆ ಬರುವುದಿಲ್ಲ ಅಂತ. ಫೋನು ಟಿಂಗ್ ಅಂದರೆ ಎದೆ ಹಾರುತ್ತದೆ. ರಾತ್ರಿ ಮೂರಕ್ಕೆ ಎಚ್ಚರ, ಆಮೇಲೆ ಬೆಳಗಿನವರೆಗೆ ಬುಕಿಂಗ್ ಆ್ಯಪ್ ತೆಗೆದು ಹಳೇ ವಿಮರ್ಶೆ ಓದುವುದು. ಮೊದಲು ಬಂದವರ ಜೊತೆ ಕೂತು ಊಟ ಮಾಡುತ್ತಿದ್ದವರು ಈಗ ಬಡಿಸಿ ಒಳಗೆ ಹೋಗಿಬಿಡುತ್ತಾರೆ. "ಎಂಥ ಮಾಡೋದು ಮೇಡಂ, ನಮ್ಮನೇಲಿ ಉಂಡು, ಅತ್ತೆ ಜೊತೆ ಫೋಟೊ ತೆಗೆಸಿಕೊಂಡು ಹೋದೋರೇ ಹಿಂಗೆ ಬರೆದ್ರೆ?" ಅಂದರು.

ಹಿಂದೆ ಮೂರು ಪ್ರಸಂಗ ಇದ್ದವು. ಮೂರನ್ನೂ ಅವರು ಒಂದೇ ಗಂಟಿಗೆ ಕಟ್ಟಿಕೊಂಡಿದ್ದರು. ನನಗೆ ಮೂರೂ ಬೇರೆ ಬೇರೆ ಅನ್ನಿಸಿತು.

ಮೊದಲನೆಯದು ಪುನರ್ವಸು ಮಳೆಯ ವಾರಾಂತ್ಯ. ಬೆಂಗಳೂರಿನಿಂದ ಆರು ಜನ, ಎರಡು ರಾತ್ರಿ, ಊಟ ಸೇರಿ 18,000 ರೂಪಾಯಿ. ಇದ್ದಷ್ಟು ಹೊತ್ತು ಒಂದು ಮಾತಿಲ್ಲ. ಕಡುಬು, ಕೋಳಿ ಸಾರು ಎರಡೆರಡು ಸಲ ಬಡಿಸಿಕೊಂಡು ತಿಂದರು. ಹೊರಟ ಸಂಜೆ ಮೆಸೇಜ್ ಬಂತು: ಕೋಣೆಗೆ ಇಂಬಳ (ಜಿಗಣೆ) ಬಂದಿತ್ತು, ಕರೆಂಟ್ ಇರಲಿಲ್ಲ, ನೆಟ್‌ವರ್ಕ್ ಇಲ್ಲ, ಟ್ರಿಪ್ಪೇ ಹಾಳಾಯಿತು, ಪೂರ್ತಿ ದುಡ್ಡು ವಾಪಸ್ ಮಾಡಿ, ಇಲ್ಲದಿದ್ದರೆ ಆರೂ ಜನ ಒಂದೊಂದು ಸ್ಟಾರ್ ಹಾಕುತ್ತೇವೆ. ಸುಮತಿ ಅರ್ಧ ಗಂಟೆಯೊಳಗೆ ಗಂಡನ ಫೋನಿನಿಂದ ಯುಪಿಐ ಮಾಡಿಬಿಟ್ಟರು. ಆ್ಯಪ್‌ನವರ ಕಮಿಷನ್ ಕಳೆದು ಇವರ ಕೈಗೆ ಬಂದದ್ದೇ 15,300. ಕೊಟ್ಟದ್ದು 18,000. ವಾರ ಕಳೆದ ಮೇಲೆ ಎರಡು ಸ್ಟಾರ್ ವಿಮರ್ಶೆಯೂ ಬಂತು.

ಎರಡನೆಯದು ಗಂಡ ಹೆಂಡತಿ ಇಬ್ಬರೇ. ಮೊದಲ ರಾತ್ರಿ ಗೀಸರ್ ಕೆಟ್ಟಿತ್ತು, ಒಂಬತ್ತಕ್ಕೇ ಬಂದು ಹೇಳಿದರು. ಸುಮತಿ ಬಚ್ಚಲೊಲೆಗೆ ಸೌದೆ ಹಾಕಿ ಬಕೆಟ್‌ನಲ್ಲಿ ನೀರು ಕೊಟ್ಟರು, ಮರುದಿನ ರಿಪೇರಿ ಆಯಿತು. ಅವರು ಹೋಗುವಾಗ ಒಂದು ಸಾವಿರ ಕಡಿಮೆ ಮಾಡಿಕೊಳ್ಳಿ ಅಂತ ಮರ್ಯಾದೆಯಿಂದ ಕೇಳಿದರು. ಅಷ್ಟಕ್ಕೆ ಸುಮತಿ ಮೂರು ಪುಟ ಬರೆದು ಜಗಳ ಆಡಿದರು. ಸುಮತಿಯ ಗಂಡ ಬೇರೆ ಬಾಯಿಗೆ ಬಂದಂತೆ ಬೈದು ವಾಯ್ಸ್ ಮೆಸೇಜ್ ಕಳಿಸಿದರು.

ಮೂರನೆಯದು ಅವರು ನನ್ನ ಹತ್ತಿರ ಬಂದಾಗ ಇನ್ನೂ ನಡೆಯುತ್ತಿತ್ತು. ಹೋಗಿ ಐದು ದಿನ ಆದ ಮೇಲೆ ಒಬ್ಬರು ಬೂಷ್ಟು ಹಿಡಿದ ಗೋಡೆಯ ಫೋಟೊ ಕಳಿಸಿ, ಮಗುವಿಗೆ ಕೆಮ್ಮು ಬಂದಿದೆ, 9,500 ವಾಪಸ್ ಬೇಕು ಅಂದಿದ್ದರು.

ಮೊದಲ ಭೇಟಿಯಲ್ಲಿ ನಾನು ಮೆಸೇಜ್‌ಗಳ ವಿಷಯಕ್ಕೆ ಹೋಗಲಿಲ್ಲ. 18,000 ಕಳಿಸುವಾಗ ಹೇಗನ್ನಿಸಿತು ಅಂತ ಕೇಳಿದೆ. ಭಯ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಸ್ವಲ್ಪ ಯೋಚನೆ ಮಾಡಿ, "ಹಗುರ ಆಯ್ತು ಮೇಡಂ" ಅಂದರು. ಅಲ್ಲಿಂದ ಮಾತು ಬೇರೆ ಕಡೆ ತಿರುಗಿತು. ಆ ಮನೆಯಲ್ಲಿ ಮೂರು ತಲೆಮಾರಿನಿಂದ ಬಂದವರಿಗೆಲ್ಲ ಊಟ ಹಾಕಿದ್ದಾರೆ. ಕಾಫಿ ರೇಟು ಬಿದ್ದು, ಮೆಣಸಿಗೆ ರೋಗ ಬಂದ ವರ್ಷ ಸುಮತಿಯೇ ಹಟ ಹಿಡಿದು ಹೋಂಸ್ಟೇ ಶುರು ಮಾಡಿದರು. ಅತ್ತೆ ಆವತ್ತು "ಮನೆಗೆ ಬಂದೋರ ಹತ್ರ ಅನ್ನಕ್ಕೆ ದುಡ್ಡು ತಗೋಳ್ತೀಯಾ ನೀನು?" ಅಂದಿದ್ದರಂತೆ. ಅತ್ತೆ ಅದನ್ನು ಮರೆತಿದ್ದಾರೆ, ಈಗ ಬಂದವರಿಗೆ ಅವರೇ ಕಾಫಿ ಕೊಡುತ್ತಾರೆ. ಸೊಸೆ ಮರೆತಿಲ್ಲ. ಯಾರಾದರೂ ದುಡ್ಡು ವಾಪಸ್ ಕೇಳಿದರೆ ಸುಮತಿಗೆ ಕೇಳಿಸುವುದು ಆ ಹಳೇ ಮಾತೇ. ಕೊಟ್ಟುಬಿಟ್ಟರೆ ತಪ್ಪು ಕಳೆದ ಹಾಗೆ.

ಮನೆಯಲ್ಲೇ ಅತಿಥಿಗಳನ್ನು ಇಟ್ಟುಕೊಳ್ಳುವವರಲ್ಲಿ ಈ ತೊಂದರೆ ಜಾಸ್ತಿ. ಲಾಡ್ಜ್ ಮ್ಯಾನೇಜರ್‌ಗೆ ಯಾರಾದರೂ ರೂಮ್ ಚೆನ್ನಾಗಿಲ್ಲ ಅಂದರೆ ಅದು ರೂಮಿನ ವಿಷಯ. ಇವರಿಗೆ ಅದು ತಮ್ಮ ಮನೆತನದ ಮೇಲೆ ಬಂದ ಮಾತು. ಹಾಗಾಗಿ ಒಂದೋ ಪೂರ್ತಿ ಕೊಡುತ್ತಾರೆ, ಇಲ್ಲ ಪೂರ್ತಿ ಜಗಳ ಆಡುತ್ತಾರೆ. ನಡುವಿನ ದಾರಿ ಕಾಣುವುದೇ ಇಲ್ಲ. ಬೆದರಿಸಿದವನಿಗೆ 18,000 ಹೋಯಿತು, ನ್ಯಾಯವಾಗಿ ಕೇಳಿದವರಿಗೆ ಬೈಗುಳ ಸಿಕ್ಕಿತು, ನೋಡಿ.

ಒಂದು ಹಾಳೆ ಕೊಟ್ಟು, ಆ ಆರು ಜನ ಇದ್ದ ಎರಡು ದಿನದ ಖರ್ಚು ಬರೆಯಿರಿ ಅಂದೆ. ದಿನಸಿ, ಕೋಳಿ, ಗ್ಯಾಸ್ 5,200. ಅಡುಗೆಗೆ, ಕೋಣೆ ಕ್ಲೀನಿಂಗ್‌ಗೆ ಬರುವ ಇಬ್ಬರು ಹೆಂಗಸರ ಕೂಲಿ 2,400. ಜನರೇಟರ್ ಡೀಸೆಲ್ 1,600. ಹಾಸಿಗೆ ಬಟ್ಟೆ ತೊಳೆಸಿದ್ದು 900. ಕಮಿಷನ್ 2,700. ಒಟ್ಟು 12,800. ಉಳಿದದ್ದು 5,200. ಸುಮತಿ ಹಾಳೆಯನ್ನು ಸುಮಾರು ಹೊತ್ತು ನೋಡಿದರು. ಅತಿಥಿಯ ದುಡ್ಡು ತನ್ನ ಹತ್ತಿರ ಹಾಗೇ ಕೂತಿದೆ, ಅದನ್ನು ಕೊಟ್ಟೆ ಅಂತ ಅವರು ಅಂದುಕೊಂಡಿದ್ದರು. ನಿಜಕ್ಕೂ ಹೋದದ್ದು ಕೆಲಸದವರ ಕೂಲಿ, ಅಂಗಡಿಯ ಬಾಕಿ, ತಮ್ಮ ಎರಡು ದಿನದ ದುಡಿಮೆ. ಪ್ರತಿ ಬುಕಿಂಗ್‌ಗೂ ಈ ಲೆಕ್ಕ ಬರೆದಿಡಿ ಅಂತ ಹೇಳಿದೆ, ಒಂದು ತಿಂಗಳು ಮಾತ್ರ.

ನಂತರದ ಸಲಹೆಗಳು ಕೆಲಸಕ್ಕೆ ಸಂಬಂಧಿಸಿದವು. ಆಪ್ತಸಲಹೆ ಅಂದರೆ ಬರೀ ಮನಸ್ಸಿನ ಮಾತು ಅಂದುಕೊಳ್ಳುವವರಿದ್ದಾರೆ, ಆದರೆ ರಾತ್ರಿ ಹನ್ನೊಂದಕ್ಕೆ ಎದೆ ಹೊಡೆದುಕೊಳ್ಳುವಾಗ ಉಸಿರಾಟದ ಅಭ್ಯಾಸದ ಜೊತೆಗೆ, ಈಗ ಏನು ಮಾಡಬೇಕು ಅನ್ನುವುದು ಮೊದಲೇ ತೀರ್ಮಾನ ಆಗಿದ್ದರೆ ಅರ್ಧ ಭಾರ ಇಳಿಯುತ್ತದೆ.

ದುಡ್ಡಿನ ಮೆಸೇಜ್‌ಗೆ ರಾತ್ರಿ ಉತ್ತರ ಬೇಡ. "ನಿಮ್ಮ ಮೆಸೇಜ್ ನೋಡಿದೆ, ವಿಚಾರಿಸಿ ನಾಳೆ ಬರೆಯುತ್ತೇನೆ" ಅಂತ ಒಂದು ಸಾಲು ಸಾಕು. ಆ್ಯಪ್‌ನಲ್ಲಿ ಗಡುವು ತೋರಿಸುತ್ತಿದ್ದರೆ ಅದನ್ನು ನೋಡಿಕೊಳ್ಳಿ, ಅಷ್ಟೇ. ಬೆಳಿಗ್ಗೆ ತಿಂಡಿ ಆದ ಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ. ತೊಂದರೆಯನ್ನು ಇದ್ದಾಗಲೇ ಹೇಳಿದರಾ? ಸರಿ ಮಾಡಲು ನಮಗೆ ಅವಕಾಶ ಇತ್ತಾ? ಅದರಿಂದ ಅವರ ವಾಸದಲ್ಲಿ ಎಷ್ಟು ಭಾಗ ಕೆಟ್ಟಿತು? ಈ ಮೂರರಲ್ಲಿ "ಅವರು ಒಳ್ಳೆಯವರಾ, ಕೆಟ್ಟವರಾ" ಅನ್ನುವ ಪ್ರಶ್ನೆ ಇಲ್ಲ. ಬೇಕಂತಲೇ ಬಿಟ್ಟೆ.

ಗೀಸರ್ ಜೋಡಿಗೆ ಹಚ್ಚಿ ನೋಡಿದೆವು. ಆಗಲೇ ಹೇಳಿದ್ದರು, ತೊಂದರೆ ನಿಜ, ಒಂದು ರಾತ್ರಿ ಬಿಸಿನೀರು ಸರಿಯಾಗಿ ಸಿಗಲಿಲ್ಲ, ಕೇಳಿದ್ದು ಕಡಿಮೆಯೇ. ಹಾಗಾದರೆ ಕೊಡಬೇಕು. ಸುಮತಿಗೆ ಇದು ಕಹಿಯಾಯಿತು. "ಅವ್ರಿಗೆ ಕೊಟ್ರೆ ನಾನು ಸೋತಂಗೆ ಅಲ್ವಾ?" ಅಂದರು. ಇಲ್ಲ, ನ್ಯಾಯವಾಗಿ ಕೊಡುವುದನ್ನು ಕಲಿಯದಿದ್ದರೆ ಅನ್ಯಾಯವಾಗಿ ಕೇಳಿದಾಗ ಇಲ್ಲ ಅನ್ನುವ ಧೈರ್ಯವೂ ಬರುವುದಿಲ್ಲ ಅಂದೆ. ಒಂದು ಸಾವಿರ ಆ್ಯಪ್ ಮೂಲಕವೇ ಕಳಿಸಿ, ಗಂಡನ ಮಾತಿಗೂ ಕ್ಷಮೆ ಕೇಳಿ ಎರಡು ಸಾಲು ಬರೆದರು. ಅವರಿಂದ ಉತ್ತರ ಬರಲಿಲ್ಲ. ಬರಬೇಕು ಅಂತಲೂ ಇಲ್ಲ.

ಬೂಷ್ಟಿನ ಫೋಟೊ ನೋಡಿದಾಗ ಅದರ ಮೂಲೆಯಲ್ಲಿ ಬಿಳಿ ಟೈಲ್ಸ್ ಕಂಡಿತು. ಇವರ ನಾಲ್ಕೂ ಕೋಣೆಯಲ್ಲಿ ಇರುವುದು ರೆಡ್ ಆಕ್ಸೈಡ್ ನೆಲ. ಸುಮತಿಗೆ ಒಮ್ಮೆಲೇ ಹುರುಪು ಬಂದು "ಸುಳ್ಳ ಅಂತ ಬರೀಲಾ?" ಅಂದರು. ಬೇಡ. "ಫೋಟೊದಲ್ಲಿರುವ ನೆಲ ನಮ್ಮ ಮನೆಯದಲ್ಲ" ಅಂತ ಬರೆದರೆ ಓದುವವರಿಗೆ ಉಳಿದದ್ದು ತಾನಾಗಿ ಗೊತ್ತಾಗುತ್ತದೆ. ಇನ್ನೊಂದು ಪ್ರಶ್ನೆಯನ್ನೂ ಕೇಳಿದೆ: ನಿಮ್ಮ ಕೋಣೆಗಳಲ್ಲಿ ಬೂಷ್ಟು ಇಲ್ಲವೇ ಇಲ್ವಾ? ಮಲೆನಾಡಿನ ಮಳೆಗಾಲ ಅಲ್ವಾ, ಹಿಂದಿನ ಕೋಣೆಯ ಕಪಾಟಿನೊಳಗೆ ಬರುತ್ತದೆ ಅಂತ ಒಪ್ಪಿಕೊಂಡರು. ಅದನ್ನು ಈ ವಾರವೇ ಸರಿ ಮಾಡಿಸಿ ಅಂದೆ. ಅವನು ಸುಳ್ಳು ಫೋಟೊ ಕಳಿಸಿದ ಅಂದ ಮಾತ್ರಕ್ಕೆ ನಮ್ಮ ಕಪಾಟು ಚೊಕ್ಕ ಆಗುವುದಿಲ್ಲ.

ಉತ್ತರ ಇಬ್ಬರೂ ಕೂತು ಬರೆದೆವು. ಸಾರಾಂಶ ಹೀಗಿತ್ತು: "ಮಗುವಿಗೆ ಹುಷಾರಿಲ್ಲ ಎಂದು ತಿಳಿದು ಬೇಜಾರಾಯಿತು. ನೀವು ಇದ್ದ ಎರಡು ದಿನ ಕೋಣೆಯ ಬಗ್ಗೆ ದೂರು ಬಂದಿರಲಿಲ್ಲ. ಮೊದಲ ಸಂಜೆ ನಾನು ವಿಚಾರಿಸಿದಾಗ ಎಲ್ಲ ಚೆನ್ನಾಗಿದೆ ಎಂದು ಬರೆದಿದ್ದೀರಿ. ಫೋಟೊದಲ್ಲಿರುವ ನೆಲ ನಮ್ಮ ಮನೆಯದಲ್ಲ. ನೀವು ಬರುವ ಮುಂಚಿನ ದಿನ ತೆಗೆದ ಕೋಣೆಯ ವಿಡಿಯೊ ಜೊತೆಗಿಟ್ಟಿದ್ದೇನೆ. ಹಣ ಹಿಂತಿರುಗಿಸಲು ಆಗುವುದಿಲ್ಲ." ಕೊನೆಯ ಸಾಲನ್ನು ಅವರು ನಾಲ್ಕು ಸಲ ಅಳಿಸಿದರು. "ದಯವಿಟ್ಟು ತಪ್ಪು ತಿಳಿಯಬೇಡಿ" ಅಂತ ಸೇರಿಸಬೇಕು ಅನ್ನಿಸುತ್ತಿತ್ತು. ಸೇರಿಸಲಿಲ್ಲ. ಆ ಒಂದು ಸಾಲನ್ನು ಅಲ್ಲೇ ನನ್ನ ಮುಂದೆ ಜೋರಾಗಿ ಓದಿಸಿದೆ, ದನಿ ನಡುಗುವುದು ನಿಲ್ಲುವವರೆಗೆ.

ಆ ಮೊದಲ ಸಂಜೆಯ ಮೆಸೇಜ್ ಅವರ ಅಭ್ಯಾಸ, ಒಳ್ಳೆಯ ಅಭ್ಯಾಸ. ಬಂದ ದಿನವೇ "ಬಿಸಿನೀರು, ಹಾಸಿಗೆ ಎಲ್ಲ ಸರಿ ಇದೆಯಾ?" ಅಂತ ಆ್ಯಪ್ ಒಳಗೇ ಕೇಳಬೇಕು. ಬಾಯಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ. ದೂರು ಬಂದರೆ ಏನು ಹೇಳಿದರು, ಎಷ್ಟು ಹೊತ್ತಿಗೆ, ನಾವು ಏನು ಮಾಡಿದೆವು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆಯಬೇಕು. ಪ್ರತಿ ಸಲ ಕೋಣೆ ರೆಡಿ ಆದ ಮೇಲೆ ಒಂದು ನಿಮಿಷದ ವಿಡಿಯೊ. ಮಳೆಗಾಲದ ವಿಷಯವನ್ನು ಜಾಹೀರಾತಿನ ಮೊದಲ ಸಾಲಲ್ಲೇ ಹಾಕಬೇಕು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಬಳ ಇರುತ್ತದೆ, ಕರೆಂಟ್ ಹೋಗುತ್ತದೆ, ಫೋನು ಸಿಗುವುದು ಕಷ್ಟ. ಬುಕಿಂಗ್ ತಪ್ಪಿಹೋಗುತ್ತದೆ ಅಂತ ಗಂಡ ತಕರಾರು ತೆಗೆದರು. ಇಂಬಳಕ್ಕೆ ಹೆದರುವವರ ಬುಕಿಂಗ್ ತಪ್ಪಿದರೆ ಒಳ್ಳೆಯದೇ ಅಲ್ವಾ.

ಬೆದರಿಕೆಯ ವಿಷಯಕ್ಕೆ ಬರೋಣ. ದುಡ್ಡು ಕೊಡದಿದ್ದರೆ ಕೆಟ್ಟ ವಿಮರ್ಶೆ ಹಾಕುತ್ತೇನೆ ಅನ್ನುವುದನ್ನು ದೊಡ್ಡ ಆ್ಯಪ್‌ಗಳು ನಿಯಮದಲ್ಲೇ ನಿಷೇಧಿಸಿವೆ. ಉದಾಹರಣೆಗೆ ಏರ್‌ಬಿಎನ್‌ಬಿಯ ವಿಮರ್ಶೆ ನಿಯಮದಲ್ಲಿ ಇದು ಸ್ಪಷ್ಟವಾಗಿದೆ. ತೊಂದರೆ ಕಂಡ 72 ಗಂಟೆಯೊಳಗೆ ಅತಿಥಿ ತಿಳಿಸಬೇಕು ಅನ್ನುವುದೂ ಅಲ್ಲಿನ ನಿಯಮ. ವಿಮರ್ಶೆ ಬರೆಯಲು ಇಬ್ಬರಿಗೂ 14 ದಿನ, ಬಂದ ವಿಮರ್ಶೆಗೆ ಬಹಿರಂಗ ಉತ್ತರ ಕೊಡಲು 30 ದಿನ. ನಿಮ್ಮ ಆ್ಯಪ್ ಯಾವುದೋ ಅದರ ನಿಯಮ ತೆಗೆದು, ಶಾಂತವಾಗಿರುವ ದಿನ ಓದಿಟ್ಟುಕೊಳ್ಳಿ. ಬೆದರಿಕೆ ಬಂದ ರಾತ್ರಿ ಓದಿದರೆ ತಲೆಗೆ ಹತ್ತುವುದಿಲ್ಲ. ಬೆದರಿಕೆಗೆ ಉತ್ತರ: "ವಿಮರ್ಶೆ ಬರೆಯುವುದು ನಿಮ್ಮ ಇಷ್ಟ. ಹಣದ ವಿಷಯ ಬೇರೆ." ಸ್ಕ್ರೀನ್‌ಶಾಟ್ ತೆಗೆದು ಆ್ಯಪ್‌ಗೆ ದೂರು ಕೊಡಿ. ನಾವೂ ಪೊಲೀಸ್, ಕೇಸು ಅಂತ ತಿರುಗಿ ಹೆದರಿಸಲು ಹೋಗಬಾರದು. ದುಡ್ಡು ವಾಪಸ್ ಕೊಡುವುದೇ ಆದರೆ ಆ್ಯಪ್ ಮೂಲಕವೇ ಕೊಡಿ. ಯುಪಿಐನಲ್ಲಿ ಕಳಿಸಿದ ದುಡ್ಡು ಆ್ಯಪ್‌ನವರ ಲೆಕ್ಕದಲ್ಲಿ ಇರುವುದಿಲ್ಲ, ಅತಿಥಿಗಳು ಕೊಟ್ಟಿಲ್ಲ ಅಂದರೂ ಅಂದಾರು.

ಗ್ರಾಹಕರ ಕೋರ್ಟಿಗೆ ಹೋಗುತ್ತೇನೆ ಅಂದರೆ? ಹೋಗಬಹುದು, ಅದು ಅವರ ಹಕ್ಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೋಂಸ್ಟೇಗೂ ಅನ್ವಯಿಸುತ್ತದೆ, 5 ಲಕ್ಷದವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವೂ ಇಲ್ಲ. ಆದರೆ ಸೇವೆಯಲ್ಲಿ ಕೊರತೆ ಆಯಿತು ಅಂತ ತೋರಿಸಬೇಕಾದವರು ದೂರು ಕೊಟ್ಟವರು. ಆಗ ನಿಮ್ಮ ಪರವಾಗಿ ಮಾತಾಡುವುದು ಆ ನೋಟ್‌ಬುಕ್ಕೇ. ನಿಜವಾಗಿ ನೋಟಿಸ್ ಬಂದರೆ ವಕೀಲರನ್ನು ನೋಡಿ, ನನ್ನನ್ನಲ್ಲ.

ಒಂದು ಕಡೆ ಮಾತ್ರ ನಾನು ಗಟ್ಟಿಯಾಗಿ ಬೇಡ ಅಂದೆ. ಹೋಂಸ್ಟೇ ಮಾಲೀಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೊದಲ ಗುಂಪಿನವರ ಆಧಾರ್ ಫೋಟೊ ಹಾಕಿ "ಇವರಿಗೆ ರೂಮ್ ಕೊಡಬೇಡಿ" ಅನ್ನಬೇಕು ಅಂತ ಇತ್ತು ಅವರಿಗೆ. ಗುರುತಿಗೆ ಅಂತ ತೆಗೆದುಕೊಂಡ ದಾಖಲೆಯನ್ನು ಹಾಗೆ ಹಂಚಿದರೆ, ಅನ್ಯಾಯ ಆದವರು ನೀವು ಅನ್ನುವುದು ಹೋಗಿ ತಪ್ಪು ಮಾಡಿದವರು ನೀವೇ ಆಗುತ್ತೀರಿ. ಆ ಗುಂಪು ಅವರ ನಿದ್ದೆಗೂ ಒಳ್ಳೆಯದಲ್ಲ. ಅಲ್ಲಿ ದಿನಾ ಯಾರದ್ದಾದರೂ ಇಂಥದೇ ಕಥೆ. ಮ್ಯೂಟ್ ಮಾಡಿಸಿದೆ.

ಎದೆ ಹಾರುವುದಕ್ಕೆ ಬೇರೆ ಏರ್ಪಾಡು ಬೇಕಿತ್ತು. ಮೊದಲ ಎರಡು ವಾರ ಆ್ಯಪ್ ಮೆಸೇಜ್ ಮಗಳ ಫೋನಿಗೆ ಹೋಗಲಿ, ಅವಳು ಓದಿ ವಿಷಯವನ್ನಷ್ಟೇ ಅಮ್ಮನಿಗೆ ಹೇಳಲಿ, ಬೈಗುಳ ಬಿಟ್ಟು. ಮೂರನೇ ವಾರ ಸುಮತಿ ಹಗಲು ಮಾತ್ರ ನೋಡುವುದು. ಆಮೇಲೆ ಪೂರ್ತಿ ಅವರ ಕೈಗೆ. ಮಗಳಿಗೆ ಪರೀಕ್ಷೆ ಇದ್ದ ವಾರ ಇದು ತಪ್ಪಿತು, ಆದರೂ ನಡೆಯಿತು. ಗಂಡನಿಗೆ ಫೋನು ಕೊಡಬಾರದು ಅನ್ನುವುದನ್ನು ಅವರೇ ನಗುತ್ತಾ ಒಪ್ಪಿಕೊಂಡರು. ಇಷ್ಟಾದ ಮೇಲೂ ನಿದ್ದೆ ಬರದಿದ್ದರೆ ಡಾಕ್ಟರನ್ನು ನೋಡಬೇಕು, ರಾತ್ರಿ ತೀರಾ ಕಷ್ಟ ಅನ್ನಿಸಿದರೆ ಸರಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ ಅಂತಲೂ ಹೇಳಿದ್ದೆ. ಅಲ್ಲಿಯವರೆಗೆ ಹೋಗಲಿಲ್ಲ.

9,500ರ ವಿಷಯದಲ್ಲಿ ಆ್ಯಪ್‌ನವರು ಎರಡೂ ಕಡೆಯದನ್ನು ಕೇಳಿ, ದುಡ್ಡು ಕೊಡಬೇಕಿಲ್ಲ ಅಂದರು. ವಿಮರ್ಶೆ ಬಂತು, ಎರಡು ಸ್ಟಾರ್. ಸುಮತಿ ಮೂರು ಸಾಲಿನ ಉತ್ತರ ಹಾಕಿದರು, ಆ ಸಲ ನನಗೆ ತೋರಿಸದೆ. ಆವತ್ತು ರಾತ್ರಿ ಮೂರಕ್ಕೆ ಎಚ್ಚರ ಆಯಿತಂತೆ, ಆದರೆ ಫೋನು ಮಗ್ಗುಲಲ್ಲಿ ಇರಲಿಲ್ಲ, ಅಡುಗೆಮನೆಯಲ್ಲಿ ಇತ್ತು, ಎದ್ದು ಹೋಗಲು ಸೋಮಾರಿತನ ಆಗಿ ಮಲಗಿದೆ ಅಂದರು.

ಈಗ ಮನೆಯಲ್ಲಿ ಹೊಸ ವಾದ. ಮಳೆಗಾಲ ಪೂರ್ತಿ ಹೋಂಸ್ಟೇ ಮುಚ್ಚೋಣ ಅಂತ ಗಂಡ, ಆಗಸ್ಟ್ ಹದಿನೈದರ ರಜೆಗೆ ತೆರೆದೇ ಇರಲಿ ಅಂತ ಸುಮತಿ. ಇಬ್ಬರೂ ಒಟ್ಟಿಗೆ ಬನ್ನಿ, ಬರುವಾಗ ಆ ಒಂದು ತಿಂಗಳ ಖರ್ಚಿನ ಹಾಳೆಗಳನ್ನೂ ತನ್ನಿ ಅಂದಿದ್ದೇನೆ.