ದಡಾರ ಬಂದು ಹೋದರೆ ಒಳ್ಳೆಯದಲ್ಲವೇ? ಹುನಗುಂದ ತಾಲೂಕಿನ ಮಾಸ್ತರರಿಗೆ ಉತ್ತರ

ಮಾಸ್ತರರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ತಲುಪಿತು. ಪೂರ್ತಿ ಅಚ್ಚು ಹಾಕಲು ಜಾಗ ಸಾಲದು. ಹಾಗಾಗಿ ಉಳಿದ ಓದುಗರಿಗಾಗಿ ಅದರ ತಿರುಳನ್ನು ಮೊದಲು ಹೇಳಿಬಿಡುತ್ತೇನೆ.

ಹೋದ ಸಂಚಿಕೆಯಲ್ಲಿ ಡೆನ್ಮಾರ್ಕಿನ ವೈದ್ಯ ಪೀಟರ್ ಪಾನುಮ್ ಬಗ್ಗೆ ನಾವೊಂದು ಸಣ್ಣ ಲೇಖನ ಹಾಕಿದ್ದೆವು. ಒಮ್ಮೆ ದಡಾರ ಬಂದು ಹೋದವರಿಗೆ 65 ವರ್ಷ ಕಳೆದರೂ ಅದು ಮತ್ತೆ ಬರಲಿಲ್ಲ ಎಂದು ಅವರು ತೋರಿಸಿದ ಕಥೆ ಅದು. ಅದನ್ನು ಓದಿ ನೀವು ಕೇಳಿದ್ದೀರಿ: "ರೋಗವೇ ಇಷ್ಟು ಗಟ್ಟಿ ಶಕ್ತಿ ಕೊಡುವಾಗ ಸೂಜಿ ಯಾಕೆ? ನನಗೂ ಬಂದಿತ್ತು, ನನ್ನ ತಮ್ಮಂದಿರಿಗೂ ಬಂದಿತ್ತು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು, ಮಲಗಿದೆವು, ಎದ್ದೆವು. ಮೊಮ್ಮಗನಿಗೆ ಈಗ ಹತ್ತು ತಿಂಗಳು. ಸೊಸೆ ಸೂಜಿ ಹಾಕಿಸೋಣ ಅನ್ನುತ್ತಾಳೆ, ನಾನು ತಡೆದಿದ್ದೇನೆ. ಸೂಜಿಯ ಶಕ್ತಿ ಅಷ್ಟು ವರ್ಷ ಇರುತ್ತದೆ ಅಂತ ಯಾರಾದರೂ ತೋರಿಸಿದ್ದಾರಾ?"

ನಿಮ್ಮ ಪ್ರಶ್ನೆ ನೇರವಾಗಿದೆ. ನಮ್ಮ ಲೇಖನ ಓದಿದವರಿಗೆ ಹೀಗೆ ಅನ್ನಿಸುವುದು ಸಹಜ. ಯಾಕೆಂದರೆ ನಾವು ಪಾನುಮ್ ಕಥೆಯ ಅರ್ಧವನ್ನಷ್ಟೇ ಬರೆದೆವು. ಅದು ನಮ್ಮ ತಪ್ಪು. ಒಂದು ಮಗುವಿನ ಸೂಜಿ ಅದರಿಂದ ನಿಂತಿದೆ ಅಂದಾಗ ನನಗೆ ತುಂಬಾ ಸಂಕಟವಾಯಿತು. ಉಳಿದರ್ಧವನ್ನು ಈಗ ಬರೆಯುತ್ತೇನೆ.

ಪಾನುಮ್ ಇದನ್ನೆಲ್ಲ ಕಂಡದ್ದು ಫೆರೋ ದ್ವೀಪಗಳಲ್ಲಿ. ಅವು ಐಸ್‌ಲ್ಯಾಂಡ್ ಮತ್ತು ಸ್ಕಾಟ್‌ಲ್ಯಾಂಡ್ ನಡುವಿನ ಸಮುದ್ರದಲ್ಲಿವೆ. 1846ರಲ್ಲಿ ಅಲ್ಲಿ ಇದ್ದವರು ಸುಮಾರು 7,800 ಜನ. 1781ರ ನಂತರ ಅಲ್ಲಿ ದಡಾರವೇ ಇರಲಿಲ್ಲ. ಅಷ್ಟು ಕಡಿಮೆ ಜನ ಇರುವಲ್ಲಿ ಅದು ಉಳಿಯುವುದಿಲ್ಲ. ಎಲ್ಲರಿಗೂ ಬಂದು ಹೋದ ಮೇಲೆ ಅದಕ್ಕೆ ಹೊಸ ಮೈ ಸಿಗುವುದಿಲ್ಲ, ಅಲ್ವಾ? 1846ರ ಮಾರ್ಚ್ ಕೊನೆಗೆ ಕೋಪನ್‌ಹೇಗನ್‌ನಿಂದ ಹಡಗಿನಲ್ಲಿ ಒಬ್ಬ ಬಡಗಿ ಬಂದಿಳಿದ. ಕೆಲವೇ ದಿನಕ್ಕೆ ಅವನ ಮೈಮೇಲೆ ದಡಾರ ಎದ್ದಿತು. ಮುಂದಿನ ಆರು ತಿಂಗಳಲ್ಲಿ 6,000ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು.

ಸರ್ಕಾರ ಕಳಿಸಿದ ವೈದ್ಯರಲ್ಲಿ ಪಾನುಮ್ ಒಬ್ಬರು. ಆಗ ಅವರಿಗೆ 25 ವರ್ಷ. ಕೈಯಲ್ಲಿ ಔಷಧ ಅಂತ ಏನೂ ಇರಲಿಲ್ಲ. ವೈರಸ್ ಅನ್ನೋ ವಿಚಾರವೇ ಇನ್ನೂ ಹುಟ್ಟಿರಲಿಲ್ಲ. ಅವರು ಊರೂರು ತಿರುಗಿ ಕೇಳಿದ್ದು ಎರಡೇ ಪ್ರಶ್ನೆ: ಯಾರನ್ನು ಯಾವತ್ತು ಭೇಟಿಯಾದಿರಿ? ಮೈಮೇಲೆ ಯಾವತ್ತು ಎದ್ದಿತು?

ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ಜೂನ್ 4ರಂದು ವೆಸ್ಟ್‌ಮನ್ನಾ ಎಂಬಲ್ಲಿ ತಿಮಿಂಗಿಲ ಹಿಡಿಯಲು ಸುತ್ತಲಿನ ಊರವರೆಲ್ಲ ಸೇರಿದ್ದರು. ಬೇರೊಂದು ಹಳ್ಳಿಯಿಂದ ಹತ್ತು ಜನ ಒಂದೇ ದೋಣಿಯಲ್ಲಿ ಹೋಗಿ ಬಂದರು. ಜೂನ್ 18ರಂದು ಆ ಹತ್ತೂ ಜನರ ಮೈಮೇಲೆ ದಡಾರ ಎದ್ದಿತು. ಬನಶಂಕರಿ ಜಾತ್ರೆಗೆ ಒಂದೇ ಟ್ರ್ಯಾಕ್ಟರಿನಲ್ಲಿ ಹೋಗಿ ಬಂದವರೆಲ್ಲ ಒಂದೇ ದಿನ ಮಲಗಿದ ಹಾಗೆ ಅಂದುಕೊಳ್ಳಿ. ಇಂಥ ಲೆಕ್ಕ ಮತ್ತೆ ಮತ್ತೆ ಸಿಕ್ಕಿದಾಗ ಪಾನುಮ್‌ಗೆ ಎರಡು ವಿಷಯ ಖಚಿತವಾದವು. ಸೋಂಕು ತಗುಲಿ 13-14 ದಿನಕ್ಕೆ ಮೈಮೇಲೆ ಏಳುತ್ತದೆ. ಇದು ಕೆಟ್ಟ ಗಾಳಿಯಿಂದ ತಾನಾಗಿ ಹುಟ್ಟುವ ರೋಗವಲ್ಲ, ಮನುಷ್ಯನಿಂದ ಮನುಷ್ಯನಿಗೇ ದಾಟುತ್ತದೆ.

ಮತ್ತೆ ಆ ಮುದುಕರ ವಿಷಯ. 1781ರಲ್ಲಿ ದಡಾರ ಬಂದು ಬದುಕಿದ್ದವರು ಹಲವರು ಇನ್ನೂ ಇದ್ದರು. ಅವರಲ್ಲಿ ಒಬ್ಬರಿಗೂ ಎರಡನೇ ಸಲ ಬರಲಿಲ್ಲ. ಅದೇ ವಯಸ್ಸಿನವರಾಗಿ, 1781ರಲ್ಲಿ ತಪ್ಪಿಸಿಕೊಂಡಿದ್ದ ಕೆಲವರನ್ನೂ ಅವರು ಹುಡುಕಿದರು. ಅವರಿಗೆ ಮುಪ್ಪಿನಲ್ಲಿ ಬಂದಿತು. ಅಂದರೆ ಕಾಪಾಡಿದ್ದು ವಯಸ್ಸಲ್ಲ, ಹವೆಯಲ್ಲ, ಊಟವೂ ಅಲ್ಲ. ಎಳೆಯ ವಯಸ್ಸಿನಲ್ಲಿ ಬಂದಿದ್ದನ್ನು ಮೈ ನೆನಪಿಟ್ಟುಕೊಂಡಿತ್ತು. ಇಲ್ಲಿಯವರೆಗೆ ನೀವು ಹೇಳಿದ್ದು ಸರಿ.

ನಾವು ಬರೆಯದೆ ಬಿಟ್ಟಿದ್ದು ಏನೆಂದರೆ, ಪಾನುಮ್ ಸತ್ತವರನ್ನೂ ವಯಸ್ಸಿನ ಪ್ರಕಾರ ಎಣಿಸಿದ್ದರು. ಒಂದು ವರ್ಷದೊಳಗಿನ ಕೂಸುಗಳಲ್ಲಿ ಸಾವು ಎದ್ದು ಕಂಡಿತ್ತು. ನಿಮ್ಮ ಮೊಮ್ಮಗನ ವಯಸ್ಸಿನವು, ಮಾಸ್ತರರೇ.

ನಿಮ್ಮ ಪತ್ರದಲ್ಲಿ ಮಲಗಿ ಎದ್ದವರ ಲೆಕ್ಕ ಇದೆ. ಏಳದವರ ಲೆಕ್ಕ ಇಲ್ಲ. ನಾನು ಚಿಕ್ಕವನಿದ್ದಾಗ ನಮ್ಮ ಓಣಿಯಲ್ಲಿ "ಎಂಟು ಹಡೆದೆ, ಐದು ಉಳಿದವು" ಅನ್ನುವ ಅಜ್ಜಿಯರು ಸುಮಾರು ಜನ ಇದ್ದರು. ಉಳಿದ ಮೂರು ಏನಾದವು ಅಂತ ನಾವು ಕೇಳುತ್ತಿರಲಿಲ್ಲ. ನನ್ನ ತಂಗಿಗೆ ಮೂರನೇ ವರ್ಷಕ್ಕೆ ಗೊಬ್ಬರ ಎದ್ದಿತ್ತು. ನಮ್ಮ ಮನೆಯಲ್ಲಿ ದಡಾರಕ್ಕೆ ಹಾಗೇ ಅನ್ನುತ್ತಿದ್ದರು. ಅವಳೂ ಎದ್ದಳು. ಬೇವಿನ ನೀರು ಎರೆದು ಹೋಳಿಗೆ ಮಾಡಿದ್ದು ನೆನಪಿದೆ. ಅದಾದ ಕೆಲವೇ ದಿನಕ್ಕೆ ಅವಳ ಎಡಗಿವಿ ಸೋರಲು ಶುರುವಾಯಿತು. ಆ ಕಿವಿ ಇವತ್ತಿಗೂ ಕೇಳಿಸುವುದಿಲ್ಲ. ಫೋನ್ ಬಂದರೆ ಯಾವಾಗಲೂ ಬಲಗಿವಿಗೇ ಹಿಡಿಯುತ್ತಾಳೆ. ದಡಾರದ ಬೆನ್ನಿಗೇ ಬರುವ ತೊಂದರೆಗಳಲ್ಲಿ ಕಿವಿ ಸೋರುವುದು, ಭೇದಿ, ನ್ಯುಮೋನಿಯಾ ಜಾಸ್ತಿ. ಅಪರೂಪಕ್ಕೆ ವೈರಸ್ ಮಿದುಳಿನಲ್ಲೇ ಉಳಿದು ಎಷ್ಟೋ ವರ್ಷದ ಮೇಲೆ ಮಗುವನ್ನು ಕೊಲ್ಲುವುದೂ ಉಂಟು. ಲಸಿಕೆ ಬರುವ ಮೊದಲು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 26 ಲಕ್ಷ ಜನ ದಡಾರದಿಂದ ಸಾಯುತ್ತಿದ್ದರು ಎಂಬ ಅಂದಾಜಿದೆ.

ಬೇವಿನ ಸೊಪ್ಪನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆ ಸೊಪ್ಪು ಕಂಡರೆ ಹೊರಗಿನವರು ಒಳಗೆ ಬರುತ್ತಿರಲಿಲ್ಲ, ಮನೆಯವರೂ ಮಗುವನ್ನು ಹೊರಗೆ ಬಿಡುತ್ತಿರಲಿಲ್ಲ. ಅದರಲ್ಲಿ ತಿಳಿವಳಿಕೆ ಇತ್ತು. ಆದರೆ ದಡಾರ ಮೈಮೇಲೆ ಏಳುವುದಕ್ಕೆ ನಾಲ್ಕು ದಿನ ಮೊದಲೇ ಹರಡಲು ಶುರುವಾಗುತ್ತದೆ. ಆಗ ಕಾಣುವುದು ಬರೀ ನೆಗಡಿ, ಕೆಮ್ಮು, ಕೆಂಪು ಕಣ್ಣು. ಸೊಪ್ಪು ಕಟ್ಟುವ ಹೊತ್ತಿಗೆ ಮಗು ಅಂಗನವಾಡಿಗೂ ಹೋಗಿ ಬಂದಿರುತ್ತದೆ. ಯಾರಿಗೂ ಶಕ್ತಿ ಇಲ್ಲದ ಕಡೆ ಒಬ್ಬನಿಂದ 12ರಿಂದ 18 ಜನಕ್ಕೆ ಇದು ದಾಟುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯ ವಿಷಯ. "ಬಂದು ಹೋದರೆ ಮಗು ಗಟ್ಟಿಯಾಗುತ್ತದೆ" ಎಂದು ನೀವು ಬರೆದಿದ್ದೀರಿ. ದಡಾರದ ಮಟ್ಟಿಗೆ ಹೌದು. ಉಳಿದ ರೋಗಗಳ ಮಟ್ಟಿಗೆ ಆಗುವುದು ಇದಕ್ಕೆ ತಿರುಗುಮುರುಗು. ನಮ್ಮ ರಕ್ತದಲ್ಲಿ ನೆನಪಿನ ಕಣಗಳಿವೆ. ಹಿಂದೆ ಬಂದ ಒಂದೊಂದು ರೋಗಾಣುವಿನ ಗುರುತು ಅವುಗಳಲ್ಲಿ ಇರುತ್ತದೆ. ದಡಾರದ ವೈರಸ್ ಆ ಕಣಗಳಿಗೇ ನುಗ್ಗಿ ಅವನ್ನು ಹಾಳು ಮಾಡುತ್ತದೆ. ಇದರ ಸುಳಿವು ಹಳೆಯದು. ಕ್ಷಯದ ಸೋಂಕು ಇದ್ದ ಮಕ್ಕಳಿಗೆ ದಡಾರ ಎದ್ದಾಗ ಚರ್ಮದ ಮೇಲಿನ ಕ್ಷಯ ಪರೀಕ್ಷೆ ಏನೂ ತೋರಿಸುವುದಿಲ್ಲ ಎಂದು ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1908ರಲ್ಲೇ ಬರೆದಿದ್ದರು. 2019ರಲ್ಲಿ ವಿಜ್ಞಾನಿಗಳಾದ ಮೈಕೆಲ್ ಮಿನಾ, ಸ್ಟೀಫನ್ ಎಲೆಜ್ ಮತ್ತು ಜೊತೆಗಾರರು ಅದನ್ನು ಅಳೆದೇ ತೋರಿಸಿದರು. ನೆದರ್‌ಲ್ಯಾಂಡ್ಸ್‌ನಲ್ಲಿ ಲಸಿಕೆ ಹಾಕಿಸದ 77 ಮಕ್ಕಳ ರಕ್ತವನ್ನು ದಡಾರ ಬರುವ ಮೊದಲು ಮತ್ತು ಬಂದು ಹೋದ ಮೇಲೆ ಹೋಲಿಸಿದರು. ಬೇರೆ ರೋಗಗಳ ವಿರುದ್ಧ ಮೈ ಕೂಡಿಸಿಟ್ಟ ಪ್ರತಿಕಾಯಗಳಲ್ಲಿ, ಅಂದರೆ ರೋಗಾಣುವನ್ನು ಗುರುತಿಸಿ ತಡೆಯುವ ರಕ್ತದ ಅಂಶಗಳಲ್ಲಿ, ನೂರಕ್ಕೆ 11ರಿಂದ 73ರಷ್ಟು ಹೋಗಿಬಿಟ್ಟಿದ್ದವು. ದಡಾರವೊಂದನ್ನು ಕಲಿತು, ಹಳೆಯ ಪಾಠಗಳನ್ನು ಮರೆತಂತೆ. ಮರೆತಿದ್ದನ್ನು ಮತ್ತೆ ಕಲಿಯಲು ಆ ಮಗು ಆ ರೋಗಾಣುಗಳನ್ನೆಲ್ಲ ಇನ್ನೊಮ್ಮೆ ಎದುರಿಸಬೇಕು. ಲಸಿಕೆ ಹಾಕಿಸಿಕೊಂಡ ಮಕ್ಕಳಲ್ಲಿ ಈ ಮರೆವು ಕಾಣಲಿಲ್ಲ.

ಸೂಜಿಯ ಶಕ್ತಿ ಎಷ್ಟು ವರ್ಷ ಅಂತ ಕೇಳಿದ್ದೀರಿ. ರೋಗ ಬಂದು ಹೋದವರಲ್ಲಿ ಪ್ರತಿಕಾಯದ ಮಟ್ಟ ಲಸಿಕೆಯವರಿಗಿಂತ ಮೇಲೆಯೇ ಇರುತ್ತದೆ, ಇದನ್ನು ಮುಚ್ಚಿಡುವುದಿಲ್ಲ. ಲಸಿಕೆ ಬಂದದ್ದು 1963ರಲ್ಲಿ. ಹಾಗಾಗಿ ಪಾನುಮ್ ಕಂಡ ಮುದುಕರಂಥ 65 ವರ್ಷದ ಲೆಕ್ಕ ಈಗಷ್ಟೇ ಹತ್ತಿರ ಬರುತ್ತಿದೆ. ಇಲ್ಲಿಯವರೆಗೆ ಕಂಡದ್ದು ಇಷ್ಟು: ಎರಡು ಡೋಸ್ ಆದವರಲ್ಲಿ ನೂರಕ್ಕೆ ಸುಮಾರು 97 ಜನರಿಗೆ ರಕ್ಷಣೆ ಸಿಗುತ್ತದೆ, ಅವರಲ್ಲಿ ಹೆಚ್ಚಿನವರಿಗೆ ಅದು ಬಾಳಿನುದ್ದಕ್ಕೂ ನಿಲ್ಲುತ್ತದೆ. ಅದಕ್ಕೆ ಕಾರಣವೂ ಇದೆ. ಫ್ಲೂ ವೈರಸ್ ವರ್ಷ ವರ್ಷ ವೇಷ ಬದಲಿಸುತ್ತದೆ. ದಡಾರದ ವೈರಸ್‌ಗೆ ಅದು ಆಗುವುದಿಲ್ಲ. 1954ರಲ್ಲಿ ಅಮೆರಿಕದ ಬಾಸ್ಟನ್ ಬಳಿ ಒಬ್ಬ ಶಾಲಾ ಹುಡುಗನ ರಕ್ತದಿಂದ ತೆಗೆದ ವೈರಸ್ಸನ್ನೇ ಪಳಗಿಸಿ ಲಸಿಕೆ ಮಾಡಿದರು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ಇವತ್ತು ತಯಾರಿಸುವ ಲಸಿಕೆಯೂ ಅದೇ ವಂಶದ್ದು. ಅದು ಈಗಿನ ದಡಾರಕ್ಕೂ ಕೆಲಸ ಮಾಡುತ್ತಿದೆ.

ನಮ್ಮಲ್ಲಿ ಮೊದಲ ಡೋಸ್ 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳ ಒಳಗೆ. 9 ತಿಂಗಳೇ ಯಾಕೆ ಅಂದರೆ, ತಾಯಿ ಕೊಟ್ಟ ಪ್ರತಿಕಾಯ ಅಲ್ಲಿಯವರೆಗೆ ಕೂಸಿನ ಮೈಯಲ್ಲಿ ಉಳಿದಿರುತ್ತದೆ, ಅದು ಲಸಿಕೆಯನ್ನೂ ತಟಸ್ಥ ಮಾಡಿಬಿಡುತ್ತದೆ. ಹತ್ತು ತಿಂಗಳ ನಿಮ್ಮ ಮೊಮ್ಮಗನ ಮೈಯಲ್ಲಿ ತಾಯಿಯ ಕಾವಲು ಹೆಚ್ಚುಕಡಿಮೆ ಮುಗಿದಿದೆ, ತನ್ನದು ಇನ್ನೂ ಬಂದಿಲ್ಲ. ಸೊಸೆ ಹೇಳುತ್ತಿರುವುದು ಸರಿ. ತಾಯಿ ಕಾರ್ಡ್ ತಗೊಂಡು ಆಶಾ ಕಾರ್ಯಕರ್ತೆಯನ್ನು ಕೇಳಿದರೆ ನಿಮ್ಮೂರಿನ ಲಸಿಕೆಯ ದಿನ ಹೇಳುತ್ತಾರೆ. ಅದೇ ದಿನ ವಿಟಮಿನ್ ಎ ಹನಿಯನ್ನೂ ಹಾಕುತ್ತಾರೆ, ಅದನ್ನು ಬಿಡಬೇಡಿ. ಒಂದು ವಾರ-ಹತ್ತು ದಿನಕ್ಕೆ ಸಣ್ಣ ಜ್ವರ ಬಂದರೆ ಗಾಬರಿ ಬೇಡ.

ಪತ್ರದ ಕೊನೆಗೆ ನೀವು ಒಂದು ಸಾಲು ಬರೆದಿದ್ದೀರಿ. ನೀವು ಕೆಲಸಕ್ಕೆ ಸೇರಿದ ಮೊದಲ ವರ್ಷ ದಡಾರ ಬಂದು ಅರ್ಧ ತರಗತಿ ಖಾಲಿಯಾಗಿತ್ತು, ಆ ವರ್ಷದ ಹಾಜರಿಯನ್ನು ನಿಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದೀರಿ ಅಂತ. ಆ ದಿನಚರಿ ಇನ್ನೂ ಇದ್ದರೆ ದಯವಿಟ್ಟು ಒಮ್ಮೆ ತೆರೆದು ನೋಡಿ. ಮೊದಲು ಗೈರಾದ ಹುಡುಗನ ದಿನಾಂಕ ಬರೆದುಕೊಳ್ಳಿ. ಅವನ ಹಿಂದೆ ಗುಂಪಾಗಿ ಗೈರಾದವರ ದಿನಾಂಕವನ್ನೂ ಬರೆದುಕೊಳ್ಳಿ. ನಡುವೆ ಎಷ್ಟು ದಿನ ಬರುತ್ತದೆ? ಮತ್ತೆ ಶಾಲೆಗೆ ಮರಳದವರು ಯಾರಾದರೂ ಇದ್ದರಾ? ಹೆಸರು ಬೇಡ, ಎಣಿಕೆ ಮಾತ್ರ ಸಾಕು. ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

ಸಂಪಾದಕ, ಬಾಗಲಕೋಟೆ