ಅಂಗಳದಲ್ಲಿ ಹಾಯಿದೋಣಿ: ಮೊದಲನೆಯದು ಎಂಟಡಿ ಸಾಕು

ಪ್ರಶ್ನೆ: ನಮ್ಮದು ಕುಂದಾಪುರದ ಹತ್ತಿರ, ಹೊಳೆ ಬದಿಯ ಮನೆ. ನಿವೃತ್ತಿಯಾಗಿ ಊರಿಗೆ ಬಂದಿದ್ದೇನೆ. ಅಂಗಳದಲ್ಲೇ ಹದಿನಾರು ಅಡಿಯ ಮರದ ಹಾಯಿದೋಣಿ ಕಟ್ಟುವ ಆಸೆ. ಹೆಬ್ಬಲಸಿನ ಹಲಗೆ ತರಿಸೋಣ ಅಂತಾರೆ ನಮ್ಮ ಆಚಾರ್ರು. ಮಗ ಪ್ಲೈವುಡ್ ಸಾಕು ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಮರದ ಗುಣದ ಬಗ್ಗೆ ಆಚಾರ್ರು ಹೇಳಿದ್ದು ಸರಿಯೇ. ಕರಾವಳಿಯಲ್ಲಿ ದೋಣಿ ಕಟ್ಟುವವರು ಹೆಬ್ಬಲಸನ್ನು ಹಿಂದಿನಿಂದಲೂ ನಂಬಿದ್ದಾರೆ. ಆದರೆ ಹಲಗೆ ದೋಣಿ ನೀರಲ್ಲೇ ಇರಬೇಕು. ಅಂಗಳದಲ್ಲಿ ಬಿಸಿಲಿಗೆ ಬಿದ್ದರೆ ಹಲಗೆ ಒಣಗಿ ಸಂದು ಬಿಡುತ್ತದೆ. ವಾರಕ್ಕೊಮ್ಮೆ ನೀರಿಗಿಳಿಸುವವರಿಗೆ ಪ್ಲೈವುಡ್ಡೇ ಸರಿ. ಈ ಸಲ ಮಗನ ಮಾತು ಕೇಳಿ.

ಹದಿನಾರು ಅಡಿಯ ವಿಚಾರ ಮಾತ್ರ ಸದ್ಯಕ್ಕೆ ಬಿಟ್ಟುಬಿಡಿ. ಪ್ಲೈವುಡ್ ಹಾಳೆ ಬರುವುದೇ ಎಂಟಡಿಗೆ ನಾಲ್ಕಡಿ. ಅದಕ್ಕಿಂತ ಉದ್ದ ಬೇಕೆಂದರೆ ಎರಡು ಹಾಳೆಗಳ ತುದಿಯನ್ನು ಓರೆಯಾಗಿ ಹೆರೆದು ಬೆಸೆಯಬೇಕು. ಆರು ಎಂಎಂ ಹಾಳೆಗೆ ಓರೆ ಸುಮಾರು ಐವತ್ತು ಎಂಎಂ ಬೇಕು. ಮಾಡಬಹುದು, ಕಷ್ಟವೇನಲ್ಲ. ಆದರೆ ಉದ್ದ ಎರಡರಷ್ಟಾದರೆ ಅಗಲ, ಎತ್ತರ, ಹಾಯಿ ಎಲ್ಲವೂ ಅದರ ಜೊತೆಗೇ ಬೆಳೆಯುತ್ತವೆ. ಖರ್ಚು, ಕೆಲಸ ಎರಡರಷ್ಟಲ್ಲ, ಐದಾರು ಪಟ್ಟು ಆಗುತ್ತದೆ. ಮನೆಯಲ್ಲಿ ಶುರುವಾದ ದೊಡ್ಡ ದೋಣಿಗಳು ಅರ್ಧಕ್ಕೆ ನಿಂತು ಟಾರ್ಪಾಲಿನಡಿ ಮಲಗುವುದು ಇದೇ ಕಾರಣಕ್ಕೆ.

1947ರಲ್ಲಿ ಅಮೆರಿಕದ ಫ್ಲಾರಿಡಾದ ಕ್ಲಿಯರ್‌ವಾಟರ್ ಊರಿನಲ್ಲಿ ಕ್ಲಾರ್ಕ್ ಮಿಲ್ಸ್ ಎಂಬ ದೋಣಿ ಕಟ್ಟುವವರು ಇದೇ ಲೆಕ್ಕ ಹಾಕಿದರು. ಮಕ್ಕಳಿಗಾಗಿ ಅಗ್ಗದ ಹಾಯಿದೋಣಿ ಬೇಕಿತ್ತು. ಎರಡು ಹಾಳೆ ಪ್ಲೈವುಡ್ಡಿನಲ್ಲಿ ಮುಗಿಯುವ ದೋಣಿಯ ನಕ್ಷೆ ಮಾಡಿದರು. ಮೂತಿ ಚೂಪು ಮಾಡಲು ಹಾಳೆ ಸಾಲದು, ಹಾಗಾಗಿ ಮುಂದುಗಡೆ ಮೊಂಡಾಗಿಯೇ ಬಿಟ್ಟರು. ಅದೇ ಆಪ್ಟಿಮಿಸ್ಟ್. ಇವತ್ತು ಲೋಕದ ಎಲ್ಲ ಕಡೆ ಮಕ್ಕಳು ಹಾಯಿ ಕಲಿಯುವುದು ಅದರಲ್ಲೇ. ಈಗ ಫೈಬರ್‌ಗ್ಲಾಸಿನಲ್ಲಿ ಜಾಸ್ತಿ ಬರುತ್ತದೆ, ಆಕಾರ ಬದಲಾಗಿಲ್ಲ.

ನಿಮ್ಮಂಥ ದೊಡ್ಡವರಿಗೆ ಆಪ್ಟಿಮಿಸ್ಟ್ ಇಕ್ಕಟ್ಟು. ಅಷ್ಟೇ ಉದ್ದದ ಪಡಲ್ ಡಕ್ ರೇಸರ್ ನೋಡಿ. ಎಂಟಡಿ ಉದ್ದ, ನಾಲ್ಕಡಿ ಅಗಲ, ನೆಟ್ಟಗೆ ನಿಂತ ಎರಡು ಗೋಡೆ, ಅಡಿಯಲ್ಲಿ ಸ್ವಲ್ಪ ಬಾಗು. ನಕ್ಷೆ ಪುಕ್ಕಟೆ ಸಿಗುತ್ತದೆ. ನೋಡಲು ಚಂದವೇನಿಲ್ಲ, ಹೇಳಿಬಿಡುತ್ತೇನೆ. ಆದರೆ ಬಾಗಿಲು, ಮಂಚ ಮಾಡಿ ನುರಿತ ನಿಮ್ಮ ಆಚಾರ್ರಿಗೆ ಅದು ನೀರು ಕುಡಿದಷ್ಟು ಸುಲಭ. ಗಾಳಿ, ಹಗ್ಗ, ಚುಕ್ಕಾಣಿಯ ಪಾಠವೆಲ್ಲ ಅದರಲ್ಲೇ ಆಗುತ್ತದೆ. ಹೆಬ್ಬಲಸಿನ ಆಸೆಯನ್ನೂ ಪೂರ್ತಿ ಬಿಡಬೇಕಿಲ್ಲ. ಅಂಚಿನ ಪಟ್ಟಿಗೆ, ಚುಕ್ಕಾಣಿ ಹಿಡಿಗೆ ಅದನ್ನೇ ಹಾಕಿಸಿ.

ಪ್ಲೈ ಕೊಳ್ಳುವಾಗ ಅಂಗಡಿಯವರು ‘ಮರೈನ್’ ಅಂದರು ಅಂತ ನಂಬಬೇಡಿ. ಹಾಳೆಯ ಮೇಲೆ ಐಎಸ್ 710 ಮುದ್ರೆ ಇರಬೇಕು, ಅದು ಮರೈನ್ ಪ್ಲೈವುಡ್ಡಿನ ಭಾರತೀಯ ಮಾನಕ. ಕಪಾಟಿಗೆ ಹಾಕುವ ಕಮರ್ಷಿಯಲ್ ಪ್ಲೈ ಬೇಡವೇ ಬೇಡ. ಮುದ್ರೆ ಇದ್ದರೂ ನಾಲ್ಕು ಅಂಚನ್ನೂ ಬೆಳಕಿಗೆ ಹಿಡಿದು ನೋಡಿ. ನಡುವಿನ ಪದರದಲ್ಲಿ ಬೆಂಕಿಕಡ್ಡಿ ತೂರುವಷ್ಟು ತೂತು ಕಂಡರೆ ಬೇರೆ ಹಾಳೆ ಕೇಳಿ. ನೀರು ಒಳಗೆ ಹೋಗಿ ಕೂರುವುದು ಅಲ್ಲೇ. ಎಲ್ಲ ಹಾಳೆ ಕೊಳ್ಳುವ ಮೊದಲು ಅಂಗೈಯಗಲದ ಒಂದು ತುಂಡು ತಂದು, ಹಳೇ ಪಾತ್ರೆಯಲ್ಲಿ ಅರ್ಧ ದಿನ ಕುದಿಸಿ, ಒಣಗಿಸಿ, ಮತ್ತೆ ಕುದಿಸಿ. ಆಮೇಲೆ ಚಾಕು ತೂರಿಸಿ ಮೀಟಿ. ಪದರ ಸಲೀಸಾಗಿ ಬಿಟ್ಟುಬಂದರೆ ಆ ಪ್ಲೈ ದೋಣಿಗಲ್ಲ.

ಪ್ರಶ್ನೆ: ಪ್ಲೈವುಡ್ ತುಂಡುಗಳನ್ನು ತಂತಿಯಿಂದ ಹೊಲಿದು ಅಂಟಿಸುತ್ತಾರಂತೆ. ಮೊಳೆ ಇಲ್ಲದೆ ದೋಣಿ ನಿಲ್ಲುತ್ತದಾ? ಪೀಠೋಪಕರಣಕ್ಕೆ ಹಾಕುವ ಬಿಳಿ ಗೋಂದು ಸಾಲದೇ? (ಉಡುಪಿ)

ಉತ್ತರ: ನಿಲ್ಲುತ್ತದೆ. ಹೊಲಿದ ದೋಣಿ ನಮ್ಮ ಕಡಲಿಗೆ ಹೊಸತೇನಲ್ಲ, ಅಲ್ವಾ? ತೆಂಗಿನ ನಾರಿನ ಹಗ್ಗದಿಂದ ಹಲಗೆ ಹೊಲಿದು ಕಟ್ಟಿದ ಹಾಯಿಹಡಗು ಐಎನ್‌ಎಸ್‌ವಿ ಕೌಂಡಿನ್ಯ ನೌಕಾಪಡೆಗೆ ಸೇರಿದ್ದು 2025ರ ಮೇ 21ರಂದು, ನಮ್ಮ ಕಾರವಾರದಲ್ಲೇ.

ಪ್ಲೈವುಡ್ಡಿನ ಹೊಲಿಗೆ ಬೇರೆ ತರಹದ್ದು. ಅದನ್ನು ಮನೆಮನೆಗೆ ತಲುಪಿಸಿದ್ದು ಇಂಗ್ಲೆಂಡಿನ ಮಿರರ್ ದೋಣಿ. ಟಿವಿಯಲ್ಲಿ ಮನೆಗೆಲಸ ಹೇಳಿಕೊಡುತ್ತಿದ್ದ ಬ್ಯಾರಿ ಬಕ್ನೆಲ್, ದೋಣಿ ವಿನ್ಯಾಸಕಾರ ಜ್ಯಾಕ್ ಹೋಲ್ಟ್ ಸೇರಿ ಮಾಡಿದ್ದು. ಡೈಲಿ ಮಿರರ್ ಪತ್ರಿಕೆ 1963ರಲ್ಲಿ ಅದರ ಸಾಮಾನಿನ ಕಟ್ಟು ಮಾರತೊಡಗಿತು. ಇಲ್ಲಿಯವರೆಗೆ ಎಪ್ಪತ್ತು ಸಾವಿರ ಮಿರರ್ ದೋಣಿಗಳಾಗಿವೆ.

ಕ್ರಮ ಹೀಗೆ. ಅಂಚಿನಲ್ಲಿ ನಾಲ್ಕೈದು ಇಂಚಿಗೊಂದು ಸಣ್ಣ ತೂತು ಕೊರೆದು, ತಾಮ್ರದ ತಂತಿ ತೂರಿಸಿ, ಹೊರಗಡೆ ಇಕ್ಕಳದಿಂದ ತಿರುಚುತ್ತೀರಿ. ಈಗ ದೋಣಿ ಎದ್ದು ನಿಂತಿರುತ್ತದೆ, ಆದರೆ ಲಡಲಡ ಅಲ್ಲಾಡುತ್ತದೆ. ಅಂಟು ಕಲಸಲು ಅವಸರ ಮಾಡಬೇಡಿ. ಎರಡು ನೇರ ರೀಪು ತಗೊಳ್ಳಿ. ಒಂದನ್ನು ದೋಣಿಯ ಮುಂಭಾಗಕ್ಕೆ, ಇನ್ನೊಂದನ್ನು ಹಿಂಭಾಗಕ್ಕೆ ಅಡ್ಡ ಇಡಿ. ಹಿಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಹಿಂದಿನ ರೀಪಿನ ಮೇಲಿಂದ ಮುಂದಿನದನ್ನು ನೋಡಿ. ಎರಡೂ ಒಂದೇ ಗೆರೆಯಾಗಿ ಕಾಣಬೇಕು. ಒಂದು ಮಗ್ಗುಲು ಎದ್ದಿದ್ದರೆ ದೋಣಿ ತಿರುಚಿಕೊಂಡಿದೆ. ಕೆಳಗೆ ತುಂಡು ಹಲಗೆ ಕೊಟ್ಟು, ತಂತಿ ಸಡಿಲಿಸಿ ಸರಿಮಾಡಿ. ಆಮೇಲೆ ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಎರಡು ಕರ್ಣಗಳ ಅಳತೆ ತಾಳೆ ನೋಡಿ. ಅಂಟು ಗಟ್ಟಿಯಾದ ಮೇಲೆ ಆ ತಿರುಚು ಜನ್ಮಕ್ಕೂ ಹೋಗುವುದಿಲ್ಲ.

ಬಿಳಿ ಗೋಂದು ನೀರಲ್ಲಿ ನಿಲ್ಲುವ ಕೆಲಸಕ್ಕಲ್ಲ. ಎಪಾಕ್ಸಿಯೇ ಬೇಕು, ಅಂದರೆ ರಾಳಕ್ಕೆ ಹಾರ್ಡ್ನರ್ ಎಂಬ ಎರಡನೇ ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು. ಅದಕ್ಕೆ ನಯವಾದ ಮರದ ಪುಡಿ ಕಲಸಿ ಹೋಳಿಗೆ ಹೂರಣದ ಹದಕ್ಕೆ ತನ್ನಿ. ಒಳಮೂಲೆಯಲ್ಲಿ ಗುಂಡಗೆ ಒತ್ತಿ, ಮೇಲೆ ಫೈಬರ್‌ಗ್ಲಾಸ್ ಪಟ್ಟಿ ಹಾಸಿ ತೆಳು ಎಪಾಕ್ಸಿ ಕುಡಿಸಿ. ಗಟ್ಟಿಯಾದ ಮೇಲೆ ಹೊರಗಿನ ತಂತಿ ಕತ್ತರಿಸಿ, ಅಂಚು ಉಜ್ಜಿ, ಅಲ್ಲಿಗೂ ಪಟ್ಟಿ ಹಾಕಿ.

ಎಪಾಕ್ಸಿಗೆ ಹಾರ್ಡ್ನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಅನ್ನುವ ಸಲಹೆ ಬಂದೇ ಬರುತ್ತದೆ. ಕೇಳಬೇಡಿ. ಡಬ್ಬದ ಮೇಲಿನ ಅಳತೆ ತಪ್ಪಿದರೆ ಅದು ಎಂದೆಂದಿಗೂ ಮೆತ್ತಗೇ ಉಳಿಯುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದು ತೂಗಿ, ಆಮೇಲೆ ಅದನ್ನು ಅಡುಗೆಮನೆಗೆ ವಾಪಸ್ ಕೊಡಬೇಡಿ. ಕಲಸಿದ್ದನ್ನು ಲೋಟದಲ್ಲೇ ಬಿಟ್ಟರೆ ಏಪ್ರಿಲ್ ಸೆಕೆಗೆ ತಾನೇ ಕಾದು ಹೊಗೆಯಾಡುತ್ತದೆ. ಅಗಲ ತಟ್ಟೆಗೆ ಸುರಿದು, ಸ್ವಲ್ಪಸ್ವಲ್ಪವೇ ಕಲಸಿ. ಮಳೆಗಾಲದಲ್ಲಿ ಕೈ ಹಾಕಲೇಬೇಡಿ, ತೇವಕ್ಕೆ ಮೇಲೆ ಜಿಡ್ಡು ಪದರ ಕಟ್ಟಿ ಮುಂದಿನ ಕೋಟು ಹಿಡಿಯುವುದಿಲ್ಲ. ಕರಾವಳಿಗೆ ಡಿಸೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆ ಕಾಲ. ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಒಮ್ಮೆ ಮೈಗೆ ಅಲರ್ಜಿ ಹತ್ತಿತೆಂದರೆ ಮತ್ತೆ ಎಪಾಕ್ಸಿ ಕೆಲಸವೇ ಕಷ್ಟ.

ಪ್ರಶ್ನೆ: ಅಮೆರಿಕದ ಓಹಾಯೋದಲ್ಲಿದ್ದೇನೆ. ಚಳಿಗಾಲದಲ್ಲಿ ಗ್ಯಾರೇಜಿನಲ್ಲಿ ಹಾಕಿದ ಎಪಾಕ್ಸಿ ಎರಡು ದಿನವಾದರೂ ಅಂಟಂಟಾಗಿದೆ.

ಉತ್ತರ: ಅಳತೆ ಸರಿಯಿದ್ದರೆ ಇದು ಚಳಿಯ ಕೆಲಸ. ದೋಣಿಗೆ ಪ್ಲಾಸ್ಟಿಕ್ ಹಾಳೆಯ ಗುಡಾರ ಕಟ್ಟಿ, ಒಳಗೆ ಎಲೆಕ್ಟ್ರಿಕ್ ಹೀಟರಿನಿಂದ ಬೆಚ್ಚಗಿನ ಗಾಳಿ ಬಿಡಿ, ಹತ್ತಿರವೇ ಇದ್ದು ನೋಡಿಕೊಳ್ಳಿ. ಗಟ್ಟಿಯಾಗುತ್ತದೆ. ಮುಂದಿನ ಸಲ ಚಳಿಗೆಂದೇ ಬರುವ ಫಾಸ್ಟ್ ಹಾರ್ಡ್ನರ್ ತಗೊಳ್ಳಿ.

ಪ್ರಶ್ನೆ: ಹಾಯಿಬಟ್ಟೆ ದುಬಾರಿ. ಟಾರ್ಪಾಲಿನಲ್ಲೇ ಹೊಲಿಸಬಹುದಾ? ಮೊದಲು ಎಲ್ಲಿ ಇಳಿಸಬೇಕು? (ಹೊನ್ನಾವರ)

ಉತ್ತರ: ಮೊದಲ ಹಾಯಿಗೆ ಟಾರ್ಪಾಲು ಸಾಕು. ಆದರೆ ಚಪ್ಪಟೆ ಹಾಳೆ ಕಟ್ಟಿದರೆ ಎಳೆತ ಬರುವುದಿಲ್ಲ. ಕಂಬಕ್ಕೆ ಕಟ್ಟುವ ಅಂಚನ್ನು ನಡುವೆ ಒಂದೆರಡು ಇಂಚು ಹೊರಗೆ ಉಬ್ಬಿಸಿ ಕತ್ತರಿಸಿ. ನೆಟ್ಟಗಿನ ಕಂಬಕ್ಕೆ ಕಟ್ಟಿದಾಗ ಆ ಉಬ್ಬು ಹಾಯಿಯ ಹೊಟ್ಟೆಯಾಗುತ್ತದೆ. ಕಂಬಕ್ಕೆ ಬಲಿತು ಒಣಗಿದ ಬಿದಿರು ನಡೆಯುತ್ತದೆ. ದೋಣಿಯ ಮಧ್ಯೆ ನೀರಿಗಿಳಿಯುವ ಹಲಗೆಯನ್ನು ಮಾತ್ರ ಮರೆಯಬೇಡಿ. ಅದಿಲ್ಲದಿದ್ದರೆ ಅಡ್ಡಗಾಳಿಗೆ ದೋಣಿ ಮುಂದೆ ಹೋಗುವ ಬದಲು ಪಕ್ಕಕ್ಕೆ ಜಾರುತ್ತದೆ.

ಇಳಿಸುವುದು ಹೊಳೆಯಲ್ಲಿ, ಸೊಂಟದ ಮಟ್ಟದ ನೀರಿನಲ್ಲಿ. ಮೊದಲ ದಿನ ಹಾಯಿ ಕಟ್ಟುವ ಮುಂಚೆ ದೋಣಿಯನ್ನು ಬೇಕಂತಲೇ ಮಗುಚಿ. ಎರಡು ಬದಿಯ ಗಾಳಿಪೆಟ್ಟಿಗೆ (ನೀರು ನುಗ್ಗದಂತೆ ಮುಚ್ಚಿದ ಪೊಳ್ಳು ಪೆಟ್ಟಿಗೆ) ದೋಣಿಯನ್ನು ತೇಲಿಸುತ್ತದಾ, ನೀವೊಬ್ಬರೇ ಎತ್ತಿ ಹತ್ತಬಲ್ಲಿರಾ ನೋಡಿ. ಆಗದಿದ್ದರೆ ಅವತ್ತಿಗೆ ಹಾಯಿ ಬೇಡ. ಕಡಲಗಾಳಿ ಮಧ್ಯಾಹ್ನದ ಮೇಲೆ ಜೋರಾಗುತ್ತದೆ, ಕಲಿಯುವವರಿಗೆ ಅದಕ್ಕೆ ಮುಂಚಿನ ಹೊತ್ತು ಒಳ್ಳೆಯದು. ಅಳಿವೆ ಬಾಗಿಲಿನ ಕಡೆ ಸುಳಿಯಬೇಡಿ. ಇಳಿತದ ನೀರು ಕಡಲ ಅಲೆಗೆ ಎದುರಾಗುವ ಜಾಗ ಅದು, ಅಲ್ಲಿ ಅಲೆ ಕಡಿದಾಗಿ ಮುರಿಯುತ್ತದೆ. ಲೈಫ್ ಜಾಕೆಟ್ ದೋಣಿಯಲ್ಲಿಟ್ಟುಕೊಳ್ಳುವುದಲ್ಲ, ಮೈಮೇಲೆ ಹಾಕಿಕೊಳ್ಳುವುದು. ಇಳಿಸುವ ಮೊದಲು ಹತ್ತಿರದ ಬಂದರು ಇಲಾಖೆಯ ಕಚೇರಿಯಲ್ಲಿ ಒಮ್ಮೆ ಕೇಳಿ, ಆ ಹೊಳೆಯಲ್ಲಿ ಬಲೆ ಬಿಡುವವರಿಗೂ ಒಂದು ಮಾತು ಹೇಳಿಡಿ.